ಎಂಟನೇ ಮಗ್ಗದ ಕಾಲುಗಳು

ನನ್ನ ಭಾವಮೈದ ಪ್ರತಿ ಭಾನುವಾರ ಸಿಂಗಾನಲ್ಲೂರಿನಿಂದ ಬೈಕಿನಲ್ಲಿ ನಮ್ಮೂರು ಕರುಮತ್ತಂಪಟ್ಟಿಗೆ ಬರುತ್ತಾನೆ. ಬಂದವನು ತನ್ನ ಅಕ್ಕ, ಅಂದರೆ ನನ್ನ ಹೆಂಡತಿ, ಕೊಡುವ ಕಾಫಿಗೂ ಕಾಯುವುದಿಲ್ಲ. ನೇರವಾಗಿ ಶೆಡ್ಡಿಗೆ ನುಗ್ಗಿ, ನನ್ನ ಮಿಷನ್ನಿನ ಮೈಮೇಲೆ ಬೆರಳ ಗೆಣ್ಣಿನಿಂದ ಟಕ್ಕೆಂದು ಬಡಿದು, ಕಿವಿಗೊಟ್ಟು ಕೇಳಿ, ತುಟಿ ಸೊಟ್ಟ ಮಾಡುತ್ತಾನೆ. ಹೆಣ್ಣು ನೋಡಲು ಬಂದು ಬಜ್ಜಿ ಸೊಜ್ಜಿ ತಿಂದು ಮೂಗು ಮುರಿಯುವವರ ಮುಖ ಅದು.

"ಭಾವ, ಇದ್ರಲ್ಲಿ ದಮ್ಮಿಲ್ಲ," ಎನ್ನುತ್ತಾನೆ. "ಅಪ್‌ಗ್ರೇಡ್ ಮಾಡ್ಲೇಬೇಕು."

ಅವನಿಗೆ ಪಂಪು ತಯಾರಿಸುವ ಕಂಪನಿಯಲ್ಲಿ ಕೆಲಸ. ಕೆಲಸವೆಂದರೆ, ಬೇರೆಯವರು ಬೆವರು ಸುರಿಸಿ ಮಾಡಿದ್ದಕ್ಕೆ ಗೇಜು ಹಾಕಿ 'ಆಗಲ್ಲ' ಎನ್ನುವುದು. ಇಪ್ಪತ್ತು ವರ್ಷ ಆ ಒಂದು ಮಾತು ಹೇಳಿ ಹೇಳಿ ಅವನ ಕತ್ತೇ ಆ ಕಡೆ ವಾಲಿಕೊಂಡಿದೆ. ತನ್ನ ಕೈಯಿಂದ ಒಂದು ಹಲಗೆಗೆ ಒಂದು ಮೊಳೆ ಹೊಡೆದವನಲ್ಲ. ಆದರೆ ಫೋನಿನಲ್ಲಿ ವಿಡಿಯೋ ನೋಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಎಲ್ಲೋ ಹಿಮ ಬೀಳುವ ದೇಶದಲ್ಲಿ ಯಾರೋ ದಾಡಿವಾಲ ತನ್ನ ಗ್ಯಾರೇಜಿನಲ್ಲಿ ಮಾಡಿದ್ದನ್ನೆಲ್ಲ ನೋಡಿ, ಅದನ್ನು ತಾನೇ ಮಾಡಿದಂತೆ ಬಂದು ನನ್ನೆದುರು ರೈಲು ಬಿಡುತ್ತಾನೆ. ಇಂಥವನ ಮಾತನ್ನು ನಾನು ಒಂದು ವರ್ಷ ಬರೆದುಕೊಂಡೆ. ಅವನನ್ನು ಬೈಯುವಾಗ ಇದನ್ನೂ ಹೇಳಬೇಕಾಗುತ್ತದೆ.

ಮಿಷನ್ ಎಂದರೆ ಮರ ಕೆತ್ತುವ ರೌಟರ್, ಕಂಪ್ಯೂಟರ್ ಹೇಳಿದಂತೆ ನಡೆಯುವಂಥದ್ದು. ನಾಲ್ಕು ಅಡಿ ಚೌಕದ ಮೇಜು, ಅದರ ಎರಡು ಪಕ್ಕದಲ್ಲಿ ಹಳಿ, ಹಳಿಗಳ ಮೇಲೆ ಅಡ್ಡಲಾಗಿ ಓಡಾಡುವ ಒಂದು ದೂಲ. ದೂಲಕ್ಕೆ ಸಿಕ್ಕಿಸಿದ ಕೈರೌಟರು ಗಿರ್ರನೆ ತಿರುಗುತ್ತಾ ಮರವನ್ನು ಕೊರೆಯುತ್ತದೆ. ಅದನ್ನು ಎರಡು ವರ್ಷದ ಹಿಂದೆ ನಾನೇ ಕಟ್ಟಿದೆ. ಅಲ್ಯೂಮಿನಿಯಂ ಪಟ್ಟಿ ಕೊಯಮತ್ತೂರಿನ ಗುಜರಿಯಿಂದ, ಮೋಟಾರು ಅಂಚೆಯಲ್ಲಿ, ಕಾಲುಗಳು ಕಬ್ಬಿಣದ ಕೋನಪಟ್ಟಿಯಿಂದ ಬೆಸುಗೆ ಹಾಕಿಸಿದ್ದು. ನೋಡಲು ಚೆಂದವಿಲ್ಲ ನಿಜ. ಆದರೆ ಮೊದಲ ದಿನ ಅದು ಬೇವಿನ ಹಲಗೆಯಲ್ಲಿ ಒಂದು ಮಾವಿನೆಲೆ ಕೊರೆದಾಗ ನಾನು ಶೆಡ್ಡಿನಲ್ಲಿ ಒಬ್ಬನೇ ನಿಂತು ನಕ್ಕಿದ್ದೆ. ಐವತ್ತು ದಾಟಿದ ಮೇಲೆ ನಾನು ಹಾಗೆ ನಕ್ಕದ್ದು ಬೇರೆ ನೆನಪಿಲ್ಲ.

ಶೆಡ್ಡು ಅಪ್ಪ ಕಟ್ಟಿಸಿದ್ದು. ನಮ್ಮವರು ಇಲ್ಲಿ ಎಷ್ಟು ತಲೆಮಾರಿನಿಂದ ನೇಯುತ್ತಿದ್ದಾರೋ ನನಗೆ ತಿಳಿಯದು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಒಂದು ಕಾಲಕ್ಕೆ ಈ ಶೆಡ್ಡಿನಲ್ಲಿ ಎಂಟು ಪವರ್‌ಲೂಮ್ ಓಡುತ್ತಿದ್ದವು. ನಾವು ಅವನ್ನು ತರಿ ಎನ್ನುತ್ತೇವೆ. ಓದುವವರಿಗೆ ಮಗ್ಗ ಎಂದರೆ ಸುಲಭ. ಅಣ್ಣ ನೇಯುತ್ತಿದ್ದ, ಕೆಟ್ಟರೆ ನಾನು ರಿಪೇರಿ ಮಾಡುತ್ತಿದ್ದೆ. ಅಣ್ಣ ತೀರಿಕೊಂಡ. ಏಳು ಮಗ್ಗಗಳು ಒಂದೊಂದಾಗಿ ಗುಜರಿಗೆ ಹೋದವು. ಎಂಟನೆಯದನ್ನು ಅತ್ತಿಗೆ ಬಿಡಲಿಲ್ಲ.

ಅತ್ತಿಗೆ ಮದುವೆಯಾಗಿ ಬಂದ ವರ್ಷ ಕೂತ ಮಗ್ಗ ಅದು. ಅಣ್ಣ ಹೋದ ಮೇಲೂ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು ಅದರ ಹಿಡಿ ಎಳೆಯುತ್ತಿದ್ದರು. ಅಡಿಗೆಮನೆಯ ಟವಲ್ಲು, ಒರಟು ದಾರದ ಕೆಲಸ. ಒಂದೇ ಮಗ್ಗದಲ್ಲಿ ಏನು ದಕ್ಕುತ್ತದೆ ಎಂದು ಸೋಮನೂರಿನ ವ್ಯಾಪಾರಿಯೇ ನಗುತ್ತಿದ್ದ. ಅತ್ತಿಗೆಗೆ ಅದರ ಪರಿವೆ ಇರಲಿಲ್ಲ. ಮನೆಯಲ್ಲಿ ನಾನು, ನನ್ನ ಹೆಂಡತಿ, ನಮ್ಮ ಮಾತು, ನಮ್ಮ ಅಧಿಕಾರ. ಆ ಒಂಬತ್ತರಿಂದ ಒಂದರವರೆಗೆ ಮಾತ್ರ ಅವರು ಯಾರ ಮನೆಯಲ್ಲೂ ಇರುತ್ತಿರಲಿಲ್ಲ. ತಮ್ಮ ಮಗ್ಗದ ಮುಂದೆ ಇರುತ್ತಿದ್ದರು. ಇದನ್ನು ನಾನು ಈಗ ಬರೆಯುತ್ತಿದ್ದೇನೆ. ಆಗ ನನಗೆ ಕಾಣಿಸುತ್ತಿದ್ದದ್ದು ಶೆಡ್ಡಿನ ನಡುವೆ ಜಾಗ ಹಿಡಿದುಕೊಂಡು ಲಟಕ್ ಪಟಕ್ ಎನ್ನುವ ಒಂದು ಹಳೇ ಕಬ್ಬಿಣ.

ಅತ್ತಿಗೆಯ ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ನಮ್ಮ ಕಡೆ ಎಲ್ಲ ತರಿ ಶೆಡ್ಡುಗಳಲ್ಲೂ ಶುಕ್ರವಾರ ಬೆಳಿಗ್ಗೆ ಸಾಂಬ್ರಾಣಿ ಹಾಕಿ, ಪ್ರತಿಯೊಂದು ಮಗ್ಗಕ್ಕೂ ಗಂಧ ಕುಂಕುಮದ ಬೊಟ್ಟಿಡುತ್ತಾರೆ. ಹಿಡಿ ಇರುವ ಬಲಗಡೆಗೇ ಇಡಬೇಕು. ಹಳೆಯ ಬೊಟ್ಟನ್ನು ಒರೆಸಬಾರದು, ಅದರ ಮೇಲೆಯೇ ಹೊಸದು. ವರ್ಷಕ್ಕೊಮ್ಮೆ ಆಯುಧಪೂಜೆಯ ಹಿಂದಿನ ದಿನ ಮಾತ್ರ ಎಲ್ಲವನ್ನೂ ತೊಳೆದು ಮತ್ತೆ ಮೊದಲಿನಿಂದ ಶುರು. ಎಂಟು ಮಗ್ಗ ಇದ್ದಾಗ ಎಂಟಕ್ಕೂ ಇಡುತ್ತಿದ್ದ ಅತ್ತಿಗೆ, ಒಂದೇ ಉಳಿದಾಗ ಒಂದಕ್ಕೆ ಇಟ್ಟರು, ನಾನು ಮಿಷನ್ ಕಟ್ಟಿದ ಮೇಲೆ ಅದಕ್ಕೂ ಇಟ್ಟರು. ಶೆಡ್ಡಿನಲ್ಲಿ ತಿರುಗುವುದಕ್ಕೆಲ್ಲ ಬೊಟ್ಟು. ನಾನು ಮನಸ್ಸಿನಲ್ಲೇ ನಕ್ಕು ಸುಮ್ಮನಿದ್ದೆ. ಹೆಂಗಸರ ಕೆಲಸಕ್ಕೆ ಅಡ್ಡ ಬರಬಾರದು ಎನ್ನುವ ದೊಡ್ಡತನ ಬೇರೆ.

ನನಗೊಂದು ನೋಟುಪುಸ್ತಕವಿದೆ. ಅದರಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ನಾನು ಶಾಲೆಯಲ್ಲಿ ಕಲಿತದ್ದು ತಮಿಳು. ಕನ್ನಡ ಅಕ್ಷರ ನಲವತ್ತರ ನಂತರ ಹಟಕ್ಕೆ ಬಿದ್ದು ಕಲಿತದ್ದು. ಮನೆಯಲ್ಲಿ ಬೇರೆ ಯಾರಿಗೂ ಅದನ್ನು ಓದಲು ಬರುವುದಿಲ್ಲ. ಹೆಂಡತಿ ಅದನ್ನು ಜಿಲೇಬಿ ಎನ್ನುತ್ತಾಳೆ. ಮಿಷನ್ನಿಗೆ ಸಂಬಂಧಪಟ್ಟದ್ದೆಲ್ಲ ಆ ಪುಸ್ತಕದಲ್ಲಿದೆ: ಯಾವ ದಿನ ಏನು ಕೊರೆದೆ, ಏನು ಕೆಟ್ಟಿತು, ಭಾವಮೈದ ಏನು ಬದಲಿಸಬೇಕೆಂದ. ತಿಂಗಳಿಗೊಮ್ಮೆ ಆರುನೂರು ಮಿಲಿಮೀಟರಿನ ಒಂದು ಚೌಕ ಕತ್ತರಿಸಿ, ಮೂಲೆಯಿಂದ ಮೂಲೆಗೆ ಎರಡು ಅಳತೆ ತೆಗೆದು, ತಾರೀಖಿನ ಪಕ್ಕದಲ್ಲಿ ಬರೆಯುತ್ತೇನೆ. ಎರಡೂ ಒಂದೇ ಇದ್ದರೆ ಚೌಕ ನೆಟ್ಟಗಿದೆ ಎಂದರ್ಥ.

ಮಿಷನ್ನಿನ ಗಿರಾಕಿ ಮುಖ್ಯವಾಗಿ ಒಬ್ಬನೇ, ಅನ್ನೂರಿನ ಬಡಗಿ. ಕೈಯಲ್ಲಿ ಕೆತ್ತಿದರೆ ಒಂದು ವಾರ ಹಿಡಿಯುವ ಪೂಜಾಮನೆಯ ಬಾಗಿಲನ್ನು ನನ್ನ ಹತ್ತಿರ ಅರ್ಧ ದಿನದಲ್ಲಿ ಕೆತ್ತಿಸಿಕೊಂಡು ಹೋಗಿ, ಗಿರಾಕಿಗಳಿಗೆ ಅದು ತನ್ನ ಉಳಿಯ ಕೆಲಸವೆಂದು ಹೇಳುತ್ತಾನೆ. ಗಂಟೆ, ಬಳ್ಳಿ, ನವಿಲು. ನವಿಲು, ಬಳ್ಳಿ, ಗಂಟೆ. ಊರಿನ ಯಾವ ಹೊಸ ಮನೆಗೆ ಹೋದರೂ ದೇವರು ನನ್ನ ಆ ಒಂದೇ ನವಿಲಿನ ಹಿಂದೆ ಕೂತಿರುತ್ತಾನೆ. ಜನರಿಗೆ ಅಷ್ಟರಲ್ಲೇ ಭಕ್ತಿ ತುಂಬಿ ಬರುತ್ತದೆ.

ಕಳೆದ ವರ್ಷ ಒಂದು ದಿನ ಅವನು ಮೊಪೆಡ್ಡಿನ ಹಿಂದೆ ಎರಡು ಬಾಗಿಲು ಕಟ್ಟಿಕೊಂಡು ವಾಪಸು ಬಂದ. ಗೋಡೆಗೆ ಒರಗಿಸಿ ಎರಡನ್ನೂ ಜೋಡಿಸಿ ತೋರಿಸಿದ. ಕೆಳಗೆ ಕೂಡುತ್ತಿದ್ದವು, ಮೇಲೆ ಒಂದು ಬೆಂಕಿಕಡ್ಡಿ ತೂರುವಷ್ಟು ಸಂದಿ. ಎರಡು ತಿಂಗಳ ನಂತರ ಮತ್ತೆರಡು ತಂದ. ಈ ಸಲ ಎರಡು ಕಡ್ಡಿ ತೂರುತ್ತಿತ್ತು. ಮಿಷನ್ನಿನ ಕೆಲಸವೇ ಕೋಣಲ್, ಅಂದರೆ ಸೊಟ್ಟ, ಇನ್ನೊಂದು ಸಲ ಹೀಗಾದರೆ ತಿರುಪ್ಪೂರು ರಸ್ತೆಯ ದೊಡ್ಡ ಶೆಡ್ಡಿಗೆ ಹೋಗುತ್ತೇನೆ ಎಂದು ತಮಿಳಿನಲ್ಲಿ ಹೇಳಿ ಹೋದ. ತನ್ನ ಉಳಿಯ ಕೆಲಸವೆಂದು ಹೇಳಿಕೊಳ್ಳುವವನಿಗೆ ಬಾಗಿಲು ಸೊಟ್ಟಾದಾಗ ಮಾತ್ರ ಮಿಷನ್ನಿನ ನೆನಪಾಗುತ್ತದೆ.

ಪುಸ್ತಕ ತೆಗೆದು ನೋಡಿದೆ. ಮೂಲೆ ಅಳತೆಗಳು ಮೊದಲು 848, 849. ಆಮೇಲೆ 847.5, 849.5. ಈಗ 847, 850. ರೋಗ ದಿನೇ ದಿನೇ ಬೆಳೆಯುತ್ತಿತ್ತು.

ಭಾವಮೈದನಿಗೆ ಹಬ್ಬ. ಅವನ ಜೀವಮಾನದಲ್ಲಿ ಅವನ ಮಾತು ನಿಜವಾದದ್ದು ಅದೇ ಮೊದಲಿರಬೇಕು. ಅಂದಿನಿಂದ ಭಾನುವಾರಗಳು ಅಪ್‌ಗ್ರೇಡ್ ಸಭೆಗಳಾದವು. ಹೊರಗಿನ ಜಗಲಿಯಲ್ಲಿ ಕಾಲು ಮಡಿಸಿ ಕೂತು, ನನ್ನ ಹೆಂಡತಿ ಕರಿದ ನಿಪ್ಪಟ್ಟು ಮುರಿಯುತ್ತಾ, ಒಂದೊಂದನ್ನೇ ತೀರ್ಮಾನಿಸುತ್ತಿದ್ದ. ಕೈರೌಟರು ಬೇಡ, ನೀರು ಹರಿದು ತಣ್ಣಗಾಗುವ ಸ್ಪಿಂಡಲ್ ಬೇಕು. ದೂಲ ಎಳೆಯುವ ಬೆಲ್ಟು ಬೇಡ, ಬಾಲ್‌ಸ್ಕ್ರೂ ಎಂಬ ತಿರುಪುಕಂಬಿ ಬೇಕು. ಈ ಮೋಟಾರು ಬೇಡ, ತಾನು ಎಲ್ಲಿದ್ದೇನೆಂದು ತಾನೇ ಲೆಕ್ಕವಿಟ್ಟುಕೊಳ್ಳುವ ಮೋಟಾರು ಬೇಕು. ನಾನು ಬರೆದುಕೊಂಡೆ. ಬರೆಯುವಾಗ ಮೈ ಉರಿಯುತ್ತಿತ್ತು, ಆದರೂ ಬರೆದೆ. ನಾನು ಕಟ್ಟಿದ್ದು ಯಾಕೆ ಸೊಟ್ಟಾಗುತ್ತಿದೆ ಎಂಬುದಕ್ಕೆ ನನ್ನ ಹತ್ತಿರ ಬೇರೆ ಉತ್ತರವಿರಲಿಲ್ಲ.

ಬೆಲ್ಟು ಬದಲಿಸಿದ್ದರ ಕತೆಯೂ ಇದೆ. ಆಯುಧಪೂಜೆಯ ವಾರದಲ್ಲಿ ಹೊಸ ಬೆಲ್ಟು ಹಾಕಿದೆವು. ಮಿಷನ್ ಸರಿಹೋಯಿತು! ಭಾವಮೈದ ಎದೆ ಉಬ್ಬಿಸಿಕೊಂಡು ಎರಡು ಭಾನುವಾರ ಓಡಾಡಿದ. ಮೂರ್ನಾಲ್ಕು ತಿಂಗಳಲ್ಲಿ ಮತ್ತೆ ಮೊದಲಿನ ಹಾಗೆ. ಬೆಲ್ಟು ಸವೆದಿದೆ, ಸರಕು ಸರಿಯಿಲ್ಲ, ಇಲ್ಲಿನ ಅಂಗಡಿಯವರು ಕಳ್ಳರು ಎಂದ. ಪೂಜೆಗೆ ಮುಂಚೆ ಅತ್ತಿಗೆ ಎಲ್ಲವನ್ನೂ ತೊಳೆದಿದ್ದರು ಎನ್ನುವುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ. ಹೊಳೆಯುವುದು ಹೇಗೆ? ಇಬ್ಬರೂ ತಿಳಿದವರು.

ಅತ್ತಿಗೆ ಒಮ್ಮೆ ಹೇಳಿದ್ದರು. ಸೊಟ್ಟ ಬಾಗಿಲನ್ನು ಕೈಯಲ್ಲಿ ಹಿಡಿದು, ಬಟ್ಟೆಯ ಅಂಚು ನೋಡುವಂತೆ ಒಂದು ಕಣ್ಣು ಮುಚ್ಚಿ ನೋಡಿ, "ಒಂದು ಪಕ್ಕ ಮುಂದೆ ಹೋಗ್ತಾ ಇದೆ," ಎಂದರು. "ಪಾವಿನ ಒಂದು ಪಕ್ಕ ತೂಕ ಜಾಸ್ತಿಯಾದ್ರೆ ಬಟ್ಟೆ ಹಿಂಗೇ ಕೋಣಲ್ ಬರ್ತದೆ. ಎರಡು ಪಕ್ಕನೂ ಸರಿಯಾಗಿ ನೋಡು. ಎಲ್ಲೋ ಒಂದ್ರಲ್ಲಿ ಏನೋ ಸಿಕ್ಕೊಂಡಿದೆ."

ಪಾವು ಎಂದರೆ ಹಾಸುನೂಲು. ಭಾವಮೈದ ನಿಪ್ಪಟ್ಟು ಕೆಳಗಿಟ್ಟು ನಕ್ಕ. "ಅಕ್ಕಾ, ಇದು ತರಿ ಅಲ್ಲಕ್ಕಾ. ಇದ್ರಲ್ಲಿ ಪ್ರೋಗ್ರಾಂ ಓಡ್ತದೆ."

ನಾನೂ ನಕ್ಕೆ. ಮೂವತ್ತು ವರ್ಷ ಮಗ್ಗ ರಿಪೇರಿ ಮಾಡಿದವನು ನಾನು. ಅತ್ತಿಗೆ ಹೇಳಿದ್ದು ಎಷ್ಟು ಸರಿ ಎಂದು ತಿಳಿಯಬೇಕಾದವನು ನಾನು. ಸಿಂಗಾನಲ್ಲೂರಿನ ಗೇಜು ಸಾಹೇಬನೆದುರು ತರಿಯವನಾಗಿ ಕಾಣಲು ನನಗೆ ನಾಚಿಕೆಯಾಯಿತು. ಅತ್ತಿಗೆ ಬಾಗಿಲನ್ನು ಗೋಡೆಗೆ ಒರಗಿಸಿ ತಮ್ಮ ಮಗ್ಗದ ಕಡೆ ಹೋದರು.

ಕೊನೆಗೆ ಭಾವಮೈದನ ಕಣ್ಣು ಆ ಮಗ್ಗದ ಮೇಲೆಯೇ ಬಿತ್ತು. ಒಂದು ಭಾನುವಾರ ಅದರ ಪಕ್ಕದ ಚೌಕಟ್ಟಿಗೆ ಗೆಣ್ಣಿನಿಂದ ಬಡಿದ. ದಪ್ಪ ಬೀಡುಕಬ್ಬಿಣ, ಶಬ್ದವೇ ಬರಲಿಲ್ಲ. ಅವನ ಮುಖ ಅರಳಿತು. ಐವತ್ತು ವರ್ಷ ಅದುರಿ ಅದುರಿ ಹದವಾದ ಬೀಡು, ಇಂಥದ್ದು ಈಗ ಯಾವ ಫೌಂಡ್ರಿಯಲ್ಲೂ ಸಿಗದು, ಇದರ ಎರಡು ಪಕ್ಕಗಳನ್ನು ಮಿಷನ್ನಿಗೆ ಕಾಲಾಗಿ ಕೊಟ್ಟರೆ ಮುಗಿಯಿತು, ಇನ್ನು ಕೂದಲೆಳೆಯಷ್ಟೂ ಆಚೀಚೆ ಆಗದು ಎಂದ. ಮಗ್ಗ ನಿಂತ ಜಾಗದಲ್ಲಿ ನೆಲವೂ ಗಟ್ಟಿ, ಅಲ್ಲೇ ನಿಲ್ಲಿಸಬೇಕು ಎಂದ. ಏಳು ಮಗ್ಗವನ್ನು ಸುಮ್ಮನೆ ಗುಜರಿಗೆ ಹಾಕಿದಿರಲ್ಲ ಭಾವ ಎಂದು ನನ್ನ ಮೇಲೆ ಕನಿಕರವನ್ನೂ ತೋರಿಸಿದ.

ಅತ್ತಿಗೆಯನ್ನು ಕೇಳಿದವನು ನಾನು. ಆ ಕೆಲಸಕ್ಕೆ ಅವನು ಬರಲಿಲ್ಲ, ಜಗಲಿಯಲ್ಲೇ ಕೂತಿದ್ದ. ಬಡಗಿ ಕೈಬಿಟ್ಟರೆ ಮಿಷನ್ ನಿಲ್ಲುತ್ತದೆ, ಮಿಷನ್ ನಿಂತರೆ ಮನೆ ಹೇಗೆ ಎಂದೆ. ಈ ವಯಸ್ಸಿನಲ್ಲಿ ನಿಮಗೆ ಯಾಕೆ ಈ ಕಷ್ಟ ಎಂದೆ. ಇಷ್ಟು ಬೆಣ್ಣೆ ನನ್ನ ಬಾಯಲ್ಲಿ ಎಲ್ಲಿತ್ತೋ.

"ಅದು ಇಲ್ಲದಿದ್ರೆ ನಿನ್ನ ಮಿಷನ್ ನೇರಾಗಲ್ವಾ?" ಎಂದು ಕೇಳಿದರು.

"ಆಗಲ್ಲ ಅತ್ತಿಗೆ."

"ನಿಜವಾ?"

"ನಿಜ."

ಅವರು ನಾಡಾ ಕೈಯಲ್ಲೇ ಹಿಡಿದುಕೊಂಡಿದ್ದರು. ನಾಡಾ ಎಂದರೆ ಲಾಳಿ, ಅಡ್ಡನೂಲನ್ನು ಒಯ್ಯುವ ಮರದ ದೋಣಿ. "ನಾನು ಒಂಬತ್ತು ಗಂಟೆಗೆ ಎಲ್ಲಿ ಹೋಗ್ಲಿ?" ಎಂದರು. ನನ್ನನ್ನು ಕೇಳಿದಂತಿರಲಿಲ್ಲ. ಆದರೂ ನಾನು ಉತ್ತರ ಕೊಟ್ಟೆ. ಇಲ್ಲಿಗೇ ಬನ್ನಿ, ಬಾಗಿಲುಗಳಿಗೆ ಮರಳುಕಾಗದ ತಿಕ್ಕುವ ಕೆಲಸ ಇದ್ದೇ ಇರುತ್ತದಲ್ಲ ಎಂದೆ. ತುಂಬ ದೊಡ್ಡ ಉಪಕಾರ ಮಾಡಿದವನಂತೆ ಹೇಳಿದೆ.

"ಸರಿ. ಪಾವು ಮುಗಿಯೋವರ್ಗೂ ಬಿಡು," ಎಂದರು.

ಉಳಿದ ಹಾಸು ಮುಗಿಯಲು ಹತ್ತು ದಿನ ಹಿಡಿಯಿತು. ಅಷ್ಟು ನಿಧಾನವಾಗಿ ಅವರು ನೇಯ್ದದ್ದನ್ನು ನಾನು ನೋಡಿರಲಿಲ್ಲ. ಗುಜರಿಯವನಿಗೆ ಗುರುವಾರ ಬರಲು ಹೇಳಿದೆವು. ಶುಕ್ರವಾರ ಮನೆಯಿಂದ ಕಬ್ಬಿಣ ಹೊರಗೆ ಹೋಗಬಾರದು ಎನ್ನುವುದು ನಮ್ಮಲ್ಲಿ ಇದೆ. ಅದನ್ನು ಮಾತ್ರ ನಾವು ಬಹಳ ಶ್ರದ್ಧೆಯಿಂದ ಪಾಲಿಸಿದೆವು.

ಬುಧವಾರ ಬೆಳಿಗ್ಗೆ ನಾನೊಬ್ಬನೇ ಮಿಷನ್ ಬಿಚ್ಚಲು ಕೂತೆ. ಮಾರನೆಯ ದಿನ ಹೊಸ ಕಾಲಿನ ಮೇಲೆ ಎತ್ತಿಡಬೇಕಿತ್ತಲ್ಲ, ಅದಕ್ಕೆ ಮುಂಚೆ ಒಮ್ಮೆ ಒರೆಸಿ ಎಣ್ಣೆ ಹಾಕೋಣವೆಂದು. ಇಲ್ಲಿ ಒಂದು ವಿಷಯ ಹೇಳಬೇಕು. ದೂಲದ ಎರಡು ತುದಿಯಲ್ಲೂ ಒಂದೊಂದು ಪುಟ್ಟ ಸ್ವಿಚ್ಚಿದೆ. ಮಿಷನ್ ಚಾಲೂ ಮಾಡಿದೊಡನೆ ದೂಲ ಹಿಂದಕ್ಕೆ ಹೋಗಿ, ಹಳಿಯ ಕೊನೆಯಲ್ಲಿರುವ ತಗಡಿಗೆ ಸ್ವಿಚ್ಚು ತಾಗುವವರೆಗೂ ನಡೆಯುತ್ತದೆ. ಎಡಗಡೆಗೆ ಒಂದು ಮೋಟಾರು, ಬಲಗಡೆಗೆ ಒಂದು. ಎಡ ಸ್ವಿಚ್ಚು ತಾಗಿದಾಗ ಎಡ ನಿಲ್ಲುತ್ತದೆ, ಬಲ ತಾಗಿದಾಗ ಬಲ. ಎರಡೂ ನಿಂತರೆ ದೂಲ ನೆಟ್ಟಗಿದೆ ಎಂದು ಮಿಷನ್ ನಂಬಿಕೊಳ್ಳುತ್ತದೆ.

ಬಲಗಡೆಯ ತಗಡನ್ನು ಒರೆಸಲು ಬಟ್ಟೆ ಇಟ್ಟರೆ, ಬಟ್ಟೆ ತಡೆಯಿತು. ಬಗ್ಗಿ ನೋಡಿದೆ. ಗಂಧದ ಬೊಟ್ಟು. ಒಂದು ಬೊಟ್ಟಲ್ಲ, ಆಯುಧಪೂಜೆಯಿಂದ ಆವತ್ತಿನವರೆಗೆ ಪ್ರತಿ ಶುಕ್ರವಾರ ಒಂದರ ಮೇಲೊಂದು ಇಟ್ಟದ್ದು. ಮರದ ಪುಡಿ ಹಾರಿ ಬಂದು ಹಸಿ ಗಂಧಕ್ಕೆ ಅಂಟಿ, ಒಣಗಿ, ಅದರ ಮೇಲೆ ಮತ್ತೆ ಗಂಧ. ಸಣ್ಣ ಹುಣಸೆಬೀಜದ ದಪ್ಪ, ಅಷ್ಟೇ ಗಟ್ಟಿ. ಬಲಗಡೆಯ ಸ್ವಿಚ್ಚು ದಿನಾ ತಗಡಿಗೆ ತಾಗದೆ ಈ ಬೀಜಕ್ಕೆ ತಾಗಿ ಮೊದಲೇ ನಿಂತುಬಿಡುತ್ತಿತ್ತು. ದೂಲ ವಾರವಾರಕ್ಕೂ ಒಂದು ಪದರದಷ್ಟು ಓರೆಯಾಗುತ್ತಾ ಬಂದಿತ್ತು.

ಆ ಬೊಟ್ಟನ್ನು ನಾನು ಪ್ರತಿ ದಿನ ನೋಡಿದ್ದೆ. ಭಾವಮೈದ ಪ್ರತಿ ಭಾನುವಾರ ನೋಡಿದ್ದ. ಅವನ ಕಂಪನಿಯಲ್ಲಿ ಕೂದಲಿನ ದಪ್ಪವನ್ನು ಹಿಡಿಯುವ ಕಣ್ಣು ಅದು! ಆದರೆ ನಮ್ಮಲ್ಲಿ ಯಾರೂ ಬೊಟ್ಟನ್ನು ಮಿಷನ್ನಿನ ಭಾಗ ಎಂದು ನೋಡುವುದಿಲ್ಲ. ಅದು ಹಣೆಯ ಮೇಲಿನದು ಇದ್ದಂತೆ, ಇರಬೇಕಾದ ಕಡೆ ಇರುತ್ತದೆ. ಬೇರೆ ಯಾವ ಊರಿನ ಮೂರ್ಖನೂ ಈ ತಪ್ಪು ಮಾಡಲಾರ. ಇದಕ್ಕೆ ನಮ್ಮಂಥ ಮೂರ್ಖರೇ ಬೇಕು.

ಒದ್ದೆ ಬಟ್ಟೆಯಿಂದ ನೆನೆಸಿ, ಉಗುರಿನಿಂದ ಎಬ್ಬಿಸಿ, ಒರೆಸಿದೆ. ಮಿಷನ್ ಚಾಲೂ ಮಾಡಿ ಚೌಕ ಕತ್ತರಿಸಿದೆ. ಮೂಲೆ ಅಳೆದೆ. 848.5. ಇನ್ನೊಂದು ಮೂಲೆ, 848.5. ಪುಸ್ತಕದಲ್ಲಿ ತಾರೀಖು ಹಾಕಿ ಎರಡನ್ನೂ ಬರೆದು, ಕೆಳಗೆ ಹೀಗೆ ಬರೆದೆ: 'ಗಂಧ ಒರೆಸಿದೆ. ಸರಿಯಾಯಿತು. ಕಾಲಿಗೂ ಇದಕ್ಕೂ ಸಂಬಂಧವಿಲ್ಲ.'

ಹತ್ತು ಹೆಜ್ಜೆ ಆಚೆಗೆ ಮಗ್ಗ ನಿಂತಿತ್ತು, ಇಡಿಯಾಗಿ, ಬೋಳಾಗಿ. ಅತ್ತಿಗೆ ಅದರ ಮೇಲಿನ ಹತ್ತಿಯ ಧೂಳನ್ನು ಗುಡಿಸುತ್ತಿದ್ದರು. ಮಾರನೆಯ ದಿನ ಒಡೆಯುವ ವಸ್ತುವನ್ನು ಗುಡಿಸುತ್ತಿದ್ದರು. ನಾನು ಬಾಯಿ ಬಿಟ್ಟಿದ್ದರೆ ಸಾಕಿತ್ತು. ಒಂದು ಮಾತು, ಗುಜರಿಯವನಿಗೆ ಒಂದು ಫೋನು.

ಬಾಯಿ ಬಿಡಲಿಲ್ಲ. ಯಾಕೆಂದು ಒಳ್ಳೆಯ ಕಾರಣ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ. ಅತ್ತಿಗೆಯ ಬೊಟ್ಟಿನಿಂದ ಹೀಗಾಯಿತೆಂದು ಗೊತ್ತಾದರೆ ಅವರು ನೊಂದುಕೊಳ್ಳುತ್ತಾರೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಒಂದು ವರ್ಷದ ಸಭೆ, ಪುಸ್ತಕದ ಅರುವತ್ತು ಪುಟ, ಸ್ಪಿಂಡಲ್ಲು, ಬಾಲ್‌ಸ್ಕ್ರೂ, ಬೀಡುಕಬ್ಬಿಣದ ಪುರಾಣ, ಎಲ್ಲವೂ ಒಂದು ಒದ್ದೆ ಬಟ್ಟೆಯ ಕೆಲಸವಾಗಿತ್ತು ಎಂದು ಹೇಳಿಕೊಳ್ಳಲು ನನಗೆ ಆಗಲಿಲ್ಲ. 'ಎರಡು ಪಕ್ಕನೂ ನೋಡು' ಎಂದವರೆದುರು ಹೇಳಿಕೊಳ್ಳಲಂತೂ ಸಾಧ್ಯವೇ ಇರಲಿಲ್ಲ. ನಗೆಪಾಟಲಾಗುವುದಕ್ಕಿಂತ ಅವರ ಮಗ್ಗ ಒಡೆಯುವುದೇ ನನಗೆ ಸುಲಭವೆನಿಸಿತು. ಭಾವಮೈದನಾದರೂ ತಿಳಿಯದೆ ಮಾಡಿದ. ಅವನನ್ನು ಬೈಯಲು ನನಗೆ ಈಗ ಅಷ್ಟು ಹಕ್ಕಿಲ್ಲ, ಆದರೂ ಬೈಯುತ್ತೇನೆ.

ಗುರುವಾರ ಗುಜರಿಯವನು ಇಬ್ಬರು ಆಳುಗಳನ್ನು ಕರೆದುಕೊಂಡು ಬಂದ. ಬೀಡುಕಬ್ಬಿಣ ಗ್ಯಾಸಿಗೆ ಬಗ್ಗುವುದಿಲ್ಲ, ದೊಡ್ಡ ಸುತ್ತಿಗೆಯಲ್ಲಿ ಒಡೆಯಬೇಕು. ಎರಡು ಪಕ್ಕದ ಚೌಕಟ್ಟನ್ನು ಬಿಟ್ಟು ಉಳಿದದ್ದನ್ನೆಲ್ಲ ಒಡೆದು ಗಾಡಿಗೆ ಎಸೆದರು. ರಜೆ ಹಾಕಿ ಬಂದಿದ್ದ ಭಾವಮೈದ ಅಲ್ಲಿ ಹಿಡಿ, ಇಲ್ಲಿ ಬಿಡು ಎಂದು ಮದುವೆಮನೆಯ ಯಜಮಾನನಂತೆ ಕೂಗಾಡುತ್ತಿದ್ದ. ಚೌಕಟ್ಟುಗಳ ಪಾದ ಕೊಯ್ಯಿಸಿ, ನೆಲಕ್ಕೆ ಕೂರಿಸಿ, ಸಂಜೆಯ ಹೊತ್ತಿಗೆ ಮೇಜನ್ನು ಅವುಗಳ ಮೇಲೆ ಎತ್ತಿಟ್ಟೆವು. ಅತ್ತಿಗೆ ಆ ದಿನ ಶೆಡ್ಡಿನ ಕಡೆ ಬರಲಿಲ್ಲ. ಸುತ್ತಿಗೆಯ ಏಟು ಮನೆಯವರೆಗೂ ಕೇಳುತ್ತದೆ.

ಚೌಕ ಕತ್ತರಿಸಿದೆವು. ಭಾವಮೈದನೇ ಅಳೆದ. ಎರಡು ಮೂಲೆಯೂ ಒಂದೇ! ಮಿಷನ್ನಿನ ಹೊಸ ಕಾಲಿಗೆ ಗೆಣ್ಣಿನಿಂದ ಬಡಿದು, "ನೋಡಿದ್ರಾ ಭಾವ? ನಾನ್ ಅವತ್ತೇ ಹೇಳ್ಲಿಲ್ವಾ?" ಎಂದ. ನನ್ನ ಹೆಂಡತಿ ಅವನಿಗೆ ಕೇಸರಿಬಾತು ಮಾಡಿ ಕೊಟ್ಟಳು. ನನಗೂ ಒಂದು ತಟ್ಟೆ ಬಂತು. ತಿಂದೆ.

ಶುಕ್ರವಾರ ಬೆಳಿಗ್ಗೆ ಅತ್ತಿಗೆ ಬಂದರು. ಎಂದಿನಂತೆ ಗೋಡೆಯ ಕ್ಯಾಲೆಂಡರಿನಿಂದ ಹಿಂದಿನ ದಿನದ ಹಾಳೆ ಹರಿದರು. ಸಾಂಬ್ರಾಣಿ ಹಾಕಿದರು. ಗಂಧದ ಬಟ್ಟಲು ಹಿಡಿದು ಮಿಷನ್ನಿನ ಬಲಗಡೆಗೆ ಹೋಗಿ ಬೆರಳು ಚಾಚಿದವರು ಹಾಗೇ ನಿಂತರು.

"ಇಲ್ಲಿದ್ದ ಬೊಟ್ಟು ಯಾರು ಒರ್ಸಿದ್ದು?"

"ನಾನೇ ಅತ್ತಿಗೆ."

"ಯಾವತ್ತು?"

"ನಿನ್ನೆ," ಎಂದೆ. "ತರಿ ಒಡೆದ ಧೂಳು ಬಿದ್ದಿತ್ತು. ಇನ್ನು ಆ ಜಾಗದಲ್ಲಿ ಬೇಡ. ಕೆಳಗೆ ಕಾಲಿಗೆ ಇಡಿ."

ಅವರು ಬೆರಳಲ್ಲಿದ್ದ ಗಂಧವನ್ನು ನೋಡಿದರು, ತಗಡನ್ನು ನೋಡಿದರು, ತಗಡಿಗೆ ಬಂದು ತಾಗುವ ಸ್ವಿಚ್ಚನ್ನು ನೋಡಿದರು. ಮಗ್ಗದಲ್ಲಿ ಒಂದು ಎಳೆ ತುಂಡಾದರೆ ಎಲ್ಲೆಂದು ಹತ್ತು ಅಡಿ ದೂರದಿಂದ ಕಂಡುಹಿಡಿಯುವವರು. ನಾನು ಪುಸ್ತಕವನ್ನು ಮೇಜಿನ ಮೇಲೆ ತೆರೆದೇ ಇಟ್ಟಿದ್ದೆ. ಮುಚ್ಚುವ ಯೋಚನೆಯೇ ಬಂದಿರಲಿಲ್ಲ. ಆ ಜಿಲೇಬಿಯನ್ನು ಈ ಮನೆಯಲ್ಲಿ ಓದುವವರು ಯಾರು? ಆದರೆ ಅಂಕಿಗಳನ್ನು ನಾನು ಎಲ್ಲರೂ ಬರೆಯುವಂತೆಯೇ ಬರೆಯುತ್ತೇನೆ. ತಾರೀಖು ಓದಲು ಕನ್ನಡ ಬೇಕಿಲ್ಲ.

ಅತ್ತಿಗೆಯ ಬೆರಳು ಪುಟದ ಮೇಲೆ ಇಳಿಯಿತು. 847, 850ರ ಸಾಲು ದಾಟಿ ಕೆಳಗೆ ಬಂದು ಒಂದು 848.5ರ ಮೇಲೆ ನಿಂತಿತು, ಇನ್ನೊಂದರ ಮೇಲೆ ನಿಂತಿತು, ಆಮೇಲೆ ಪಕ್ಕದ ತಾರೀಖಿಗೆ ಹೋಯಿತು. ಮೂರು ಕಡೆಯೂ ಗಂಧದ ಗುರುತು ಬಿತ್ತು.

"ಇದು ಬುಧವಾರದ್ದು," ಎಂದರು.

ನಾನು ಪುಸ್ತಕ ಮುಚ್ಚಲು ಕೈ ಚಾಚಿದೆ. ಅವರು ಬೆರಳು ತೆಗೆಯಲಿಲ್ಲ.

"ತರಿ ಒಡೆದದ್ದು ಬೇಸ್ತವಾರ."

ಅಷ್ಟೇ. ಬಗ್ಗಿ ಒಂದು ಕಾಲಿಗೆ ಬೊಟ್ಟಿಟ್ಟರು, ಸುತ್ತಿ ಬಂದು ಇನ್ನೊಂದು ಕಾಲಿಗೆ ಇಟ್ಟರು. ಎರಡೂ ಅವರ ಮಗ್ಗದವೇ. ಮಿಷನ್ನಿಗೆ ಇಡಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಇಟ್ಟಿಲ್ಲ.

ಬಾಗಿಲುಗಳು ನೆಟ್ಟಗೆ ಬರುತ್ತಿವೆ. ಬಡಗಿ ಮತ್ತೆ ತನ್ನ ಉಳಿಯ ಹೆಮ್ಮೆ ಹೇಳಿಕೊಳ್ಳುತ್ತಿದ್ದಾನೆ. ಭಾವಮೈದ ಭಾನುವಾರ ಬಂದು ಕಾಲಿಗೆ ಬಡಿದು, ಕಿವಿಗೊಟ್ಟು, ಈಗ ಸ್ಪಿಂಡಲ್ಲಿನ ಯೋಜನೆ ಹಾಕುತ್ತಿದ್ದಾನೆ. ನಾನು ಬರೆದುಕೊಳ್ಳುತ್ತಿದ್ದೇನೆ.

ಅತ್ತಿಗೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ಶೆಡ್ಡಿಗೆ ಬರುತ್ತಾರೆ. ಮೂಲೆಯಲ್ಲಿ ಕೂತು ಬಾಗಿಲುಗಳಿಗೆ ಮರಳುಕಾಗದ ತಿಕ್ಕುತ್ತಾರೆ. ಒಂದೊಂದು ಬಾಗಿಲು ಮುಗಿದಾಗಲೂ, ಯಾರೂ ಹೇಳದಿದ್ದರೂ, ಟೇಪು ಹಿಡಿದು ಮೂಲೆಯಿಂದ ಮೂಲೆಗೆ ಅಳೆಯುತ್ತಾರೆ, ಇನ್ನೆರಡು ಮೂಲೆಯನ್ನೂ ಅಳೆಯುತ್ತಾರೆ. ಆಮೇಲೆ ತಲೆ ಎತ್ತದೆ, ನನಗೆ ಕೇಳುವಂತೆ, "ಎರಡೂ ಒಂದೇ ಇದೆ," ಎನ್ನುತ್ತಾರೆ. ಶೆಡ್ಡಿನಲ್ಲಿ ಅವರು ನನ್ನ ಜೊತೆ ಆಡುವ ಮಾತು ಅದೊಂದೇ.